ನೂರು ಮೀಟರಿನ ಗೆರೆ

ಊರಿನ ಮೇಲಣ ಆಕಾಶ ಯಾರ ಸೊತ್ತು? ನೆಲಕ್ಕೆ ಒಡೆಯನುಂಟು, ಖಾತೆಯುಂಟು, ಗಡಿಕಲ್ಲುಂಟು. ಬೀದಿಗೆ ಪೌರಸಭೆಯ ಒಡೆತನವುಂಟು. ಬೀದಿಯಲ್ಲಿ ನಿಂತು ತಲೆಯೆತ್ತಿದವನ ಕಣ್ಣಿಗೆ ಬೀಳುವ ಆ ನೀಲಿಯ ತುಂಡಿಗೆ ಮಾತ್ರ ಖಾತೆದಾರನಾರು? ಪ್ರಶ್ನೆ ಕವಿಯೊಬ್ಬನ ವಿಲಾಸದಂತೆ ತೋರಬಹುದು. ಆದರೆ 2004ನೆಯ ನವೆಂಬರ್ 21ರ ಭಾನುವಾರ, ದಕ್ಷಿಣ ಜರ್ಮನಿಯ ಬವೇರಿಯಾ ರಾಜ್ಯದ ರಾಜಧಾನಿಯಾದ ಮ್ಯೂನಿಕ್ ನಗರದಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಯವರೆಗೂ ಹೋಯಿತು. ಇನ್ನು ಮುಂದೆ ನಗರದಲ್ಲಿ 100 ಮೀಟರನ್ನು ಮೀರಿದ ಯಾವ ಕಟ್ಟಡವೂ ಏಳಕೂಡದು ಎಂಬುದಕ್ಕೆ ಹೌದೆನ್ನುವಿರೋ ಇಲ್ಲವೆನ್ನುವಿರೋ ಎಂದು ಪೌರರನ್ನು ಕೇಳಲಾಯಿತು. ಅವರು ಕೊಟ್ಟ ಉತ್ತರವೂ ಆ ಉತ್ತರಕ್ಕೆ ಮುಂದೆ ಒದಗಿದ ಗತಿಯೂ ಪ್ರಜಾಪ್ರಭುತ್ವದ ವಿಷಯದಲ್ಲಿ ಆಸಕ್ತಿಯುಳ್ಳವರೆಲ್ಲರೂ ವಿಚಾರಮಾಡತಕ್ಕ ಸಂಗತಿಗಳು.

ನೂರು ಎಂಬ ಸಂಖ್ಯೆ ಬಂದುದೆಲ್ಲಿಂದ? ಮ್ಯೂನಿಕ್ ನಗರದ ನಡುವೆ ಫ್ರೌವೆನ್‌ಕಿರ್ಷೆ ಎಂಬ ದೇವಾಲಯವಿದೆ. ಮೇರಿಮಾತೆಯ ಹೆಸರಿನ ಈ ಇಗರ್ಜಿಗೆ ಎರಡು ಗೋಪುರಗಳು. ಉತ್ತರದ್ದು 98.57 ಮೀಟರು, ದಕ್ಷಿಣದ್ದು 98.45 ಮೀಟರು; ಅವಳಿ ಮಕ್ಕಳಲ್ಲಿ ತಾಯಿಯೊಬ್ಬಳಿಗೇ ತಿಳಿಯುವ ವ್ಯತ್ಯಾಸದಂತೆ ಹನ್ನೆರಡು ಸೆಂಟಿಮೀಟರುಗಳ ಅಂತರ. ತಲೆಯ ಮೇಲೆ ಈರುಳ್ಳಿಯಾಕಾರದ ಹಸುರು ಗುಮ್ಮಟಗಳನ್ನು ಹೊತ್ತ ಈ ಜೋಡಿಯೇ ಐದು ಶತಮಾನಗಳಿಂದ ಆ ಊರಿನ ಮುದ್ರೆ. ಬೆಟ್ಟದ ಕಡೆಯಿಂದ ಒಣಗಾಳಿ ಬೀಸಿ ಬಾನು ತಿಳಿಯಾದ ದಿನಗಳಲ್ಲಿ, ಗೋಪುರಗಳ ಹಿಂದೆ ಆಲ್ಪ್ಸ್ ಪರ್ವತಶ್ರೇಣಿ ಕೈಗೆಟಕುವಂತೆ ನಿಲ್ಲುತ್ತದೆ. ದೂರದಿಂದ ದೇವಸ್ಥಾನದ ಗೋಪುರವನ್ನು ಕಂಡು ‘ಊರು ಬಂತು’ ಎನ್ನುವ ನಮ್ಮವರಿಗೆ ಈ ಭಾವವನ್ನು ವಿವರಿಸಿ ಹೇಳಬೇಕಾಗಿಲ್ಲ. ಗೋಪುರಗಳ ಎತ್ತರವೇ ಊರಿನ ಎತ್ತರವಾಗಿರಲಿ ಎಂಬುದು ನೂರು ಮೀಟರಿನ ಗೆರೆಯನ್ನೆಳೆದವರ ಇಂಗಿತ.

ಗೆರೆಯೆಳೆಯಲು ಮುಂದಾದವರು ಗೇಯೋರ್ಗ್ ಕ್ರೋನಾವಿಟ್ಟರ್. 1972ರಿಂದ 1978ರವರೆಗೆ, ಮತ್ತೆ 1984ರಿಂದ 1993ರವರೆಗೆ ನಗರದ ಮೇಯರ್ ಆಗಿದ್ದವರು. ಅಧಿಕಾರ ಬಿಟ್ಟು ದಶಕ ಕಳೆದಿದ್ದ ಈ ಹಿರಿಯರು ಮತ್ತೆ ಕಣಕ್ಕಿಳಿಯಲು ಕಾರಣ, ನಗರದ ಅಂಚಿನಲ್ಲಿ ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಗಗನಚುಂಬಿಗಳು. ಹೆಲ್ಮುಟ್ ಯಾನ್ ರೂಪಿಸಿದ ಹೈಲೈಟ್ ಗೋಪುರಗಳು 126 ಮತ್ತು 113 ಮೀಟರಿಗೆ ಏರಿದ್ದವು. ಅಪ್‌ಟೌನ್ ಎಂಬ ಕಟ್ಟಡ 146 ಮೀಟರನ್ನು ಮುಟ್ಟಿತ್ತು. ಅದರ ಮೇಲೆ, ನಗರದ ಹೆಸರಾಂತ ದಿನಪತ್ರಿಕೆ ‘ಸ್ಯೂಡ್‌ಡಾಯ್ಚ ತ್ಸೈಟುಂಗ್’ನ ಪ್ರಕಾಶನ ಸಂಸ್ಥೆ ತನ್ನ ಹೊಸ ಕಚೇರಿಗಾಗಿ 145 ಮೀಟರಿನ ಗೋಪುರವೊಂದನ್ನು ಕಟ್ಟಲು ಸಂಕಲ್ಪಿಸಿತು. ಕ್ರೋನಾವಿಟ್ಟರ್ ಬೆಂಬಲಿಗರನ್ನು ಕೂಡಿಸಿಕೊಂಡು ಸಹಿಸಂಗ್ರಹಕ್ಕೆ ಹೊರಟರು.

ಬವೇರಿಯಾದ ಪೌರರಿಗೆ ಈ ಹಕ್ಕು ದೊರೆತದ್ದು 1995ರಲ್ಲಿ. ಅದೂ ರಾಜ್ಯಮಟ್ಟದ ಜನಮತಗಣನೆಯ ಮೂಲಕವೇ. ದೊಡ್ಡ ನಗರಗಳಲ್ಲಿ ಮತದಾರರ ಪೈಕಿ ನೂರಕ್ಕೆ ಮೂವರು ಸಹಿಮಾಡಿದರೆ ಸ್ಥಳೀಯ ಪ್ರಶ್ನೆಯೊಂದನ್ನು ಊರಿನ ಮುಂದೆ ಇಡಬಹುದು. ಬಹುಮತ ದೊರೆತರಷ್ಟೇ ಸಾಲದು. ಗೆದ್ದ ಪಕ್ಷಕ್ಕೆ ಬಿದ್ದ ಮತಗಳು ಒಟ್ಟು ಮತದಾರರ ಸಂಖ್ಯೆಯಲ್ಲಿ ನೂರಕ್ಕೆ ಹತ್ತರಷ್ಟಾದರೂ ಇರಬೇಕು. ಹಾಗೆ ಬಂದ ತೀರ್ಪು ನಗರಸಭೆಯನ್ನು ಒಂದು ವರ್ಷ ಬಂಧಿಸುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇದಿರುಪಕ್ಷದ ನಾಯಕರು ಯಾರೆಂಬುದು ಈ ಕಥೆಯ ಸ್ವಾರಸ್ಯ. ಆಗಿನ ಮೇಯರ್ ಕ್ರಿಸ್ಟಿಯಾನ್ ಊಡೆ ಕ್ರೋನಾವಿಟ್ಟರ್ ಅವರ ಪಕ್ಷದವರೇ, ಸೋಷಿಯಲ್ ಡೆಮೊಕ್ರಾಟರು. ಹಿಂದೆ ಅವರ ಕೈಕೆಳಗೆ ಉಪಮೇಯರ್ ಆಗಿದ್ದು, 1993ರಲ್ಲಿ ಅವರ ಪೀಠವನ್ನೇ ಏರಿದವರು. ಹಿರಿಯನಿಗೆ ಇದಿರಾಗಿ ಕಿರಿಯನು ಬಿಲ್ಲೆತ್ತುವ ಸನ್ನಿವೇಶ ಭಾರತವನ್ನು ಓದಿದ ನಮಗೆ ಹೊಸದಲ್ಲ. ಅಲ್ಲಿಯಂತೆ ಇಲ್ಲಿಯೂ ಇಬ್ಬರೂ ಪ್ರೀತಿಸುತ್ತಿದ್ದುದು ಒಂದೇ ನಗರವನ್ನು.

ಇಬ್ಬರ ವಾದಗಳಲ್ಲಿಯೂ ಹುರುಳಿತ್ತು. ಗೆರೆ ಬೇಕೆಂದವರ ದೃಷ್ಟಿಯಲ್ಲಿ ನಗರದ ಮುಖ ಎಲ್ಲರಿಗೂ ಸೇರಿದ್ದು. ಎತ್ತರದ ಕಟ್ಟಡದ ಲಾಭ ಅದರ ಒಡೆಯನಿಗೆ, ಅದರ ನೆರಳು ಮಾತ್ರ ಊರಿಗೆ. ಕೆಟ್ಟ ಪುಸ್ತಕವನ್ನು ಮುಚ್ಚಿಡಬಹುದು, ಕೆಟ್ಟ ಹಾಡಿನಿಂದ ದೂರ ಸರಿಯಬಹುದು. ಕೆಟ್ಟ ಕಟ್ಟಡದಿಂದ ಮಾತ್ರ ಪಾರಾಗುವ ದಾರಿಯಿಲ್ಲ. ಒಮ್ಮೆ ಕಟ್ಟಿದ್ದನ್ನು ಕೆಡಹುವವರೂ ಇಲ್ಲ. ಗೆರೆ ಬೇಡವೆಂದವರು ಕೇಳಿದ್ದು ಬೇರೆ. ಜೀವಂತ ನಗರವನ್ನು ವಸ್ತುಸಂಗ್ರಹಾಲಯ ಮಾಡಬಹುದೆ? ಹಳೆಯ ಪೇಟೆಯ ಎದೆಯಲ್ಲಿ ಗಗನಚುಂಬಿಯನ್ನು ನೆಡಲು ಹೊರಟವರು ಯಾರೂ ಇಲ್ಲ. ಹರದಾರಿ ದೂರದ ಹೊರವಲಯದಲ್ಲಿ ಏಳುವ ಕಟ್ಟಡ ಗೋಪುರಗಳಿಗೆ ಹೇಗೆ ಅವಮಾನವಾದೀತು? ನೆಲದ ಕೊರತೆಯಿಂದ ಬಳಲುವ ಊರು ಅಡ್ಡಡ್ಡಲಾಗಿ ಹರಡಿ ಹೊಲಗಳನ್ನು ನುಂಗುವುದಕ್ಕಿಂತ ನೆಟ್ಟಗೆ ಬೆಳೆಯುವುದು ಲೇಸಲ್ಲವೆ? 99 ಮೀಟರಿನ ಕುರೂಪಕ್ಕೆ ಅನುಮತಿ, 101 ಮೀಟರಿನ ಸೌಂದರ್ಯಕ್ಕೆ ನಿಷೇಧ ಎಂದರೆ ಅದು ರಸಜ್ಞತೆಯಲ್ಲ, ಅಳತೆಗೋಲಿನ ದಬ್ಬಾಳಿಕೆ.

ಈ ಗೆರೆಯನ್ನು ಊರು ಆಗಲೇ ಹಲವು ಬಾರಿ ದಾಟಿತ್ತೆಂಬುದೂ ದಿಟ. 1929ರಲ್ಲಿ ಹನ್ನೆರಡು ಅಂತಸ್ತಿನ ಪೌರಕಚೇರಿ ಎದ್ದಾಗ ಅದೇ ನಗರದ ಮೊದಲ ‘ಎತ್ತರದ ಮನೆ’. ಅದರ ಎತ್ತರ ಸುಮಾರು 45 ಮೀಟರು. 1972ರ ಒಲಿಂಪಿಕ್ ಕ್ರೀಡೆಗಳ ಕಾಲಕ್ಕೆ, ಎಂಜಿನ್ನಿನ ನಾಲ್ಕು ಸಿಲಿಂಡರುಗಳನ್ನು ನಿಲ್ಲಿಸಿದಂತಿರುವ ಬಿ.ಎಂ.ಡಬ್ಲ್ಯೂ. ಕಾರುಸಂಸ್ಥೆಯ ಕಚೇರಿ ನೂರರ ಅಂಚನ್ನು ಮುಟ್ಟಿತು. 1981ರಲ್ಲಿ ಹೈಪೋ ಬ್ಯಾಂಕಿನ ಕಟ್ಟಡ 114 ಮೀಟರಿಗೇರಿತು. ದೂರದರ್ಶನ ಪ್ರಸಾರದ ಒಲಿಂಪಿಕ್ ಸ್ತಂಭವಂತೂ 291 ಮೀಟರು. ಇವುಗಳಲ್ಲಿ ಕೆಲವನ್ನು ಊರು ಮುದ್ದಿನಿಂದಲೇ ಸ್ವೀಕರಿಸಿದೆ.

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ಸೋಜಿಗ ಕಾಣುತ್ತದೆ. ಫ್ರೌವೆನ್‌ಕಿರ್ಷೆಗೆ ಅಡಿಗಲ್ಲು ಬಿದ್ದದ್ದು 1468ರಲ್ಲಿ. ಶಿಲ್ಪಿ ಯೋರ್ಗ್ ಫಾನ್ ಹಾಲ್ಸ್‌ಬಾಕ್ ಇಪ್ಪತ್ತು ವರ್ಷಗಳಲ್ಲಿ ಗೋಪುರಗಳ ಒಡಲನ್ನು ಕಟ್ಟಿ ಮುಗಿಸಿದನು. ಆಗ ಊರಿನ ಜನ ಸುಮಾರು ಹದಿಮೂರು ಸಾವಿರ. ದೇವಾಲಯದೊಳಗೆ ಇಪ್ಪತ್ತು ಸಾವಿರ ಮಂದಿ ನಿಲ್ಲಬಹುದಿತ್ತೆಂದು ಹೇಳುತ್ತಾರೆ. ಊರನ್ನೇ ಒಳಗೆ ಹಾಕಿಕೊಂಡರೂ ತುಂಬದ ಮನೆ! ತನ್ನ ಕಾಲದ ಅಳತೆಯನ್ನೆಲ್ಲ ಮೀರಿದ ಮಹತ್ತ್ವಾಕಾಂಕ್ಷೆಯ ಕಟ್ಟಡವೇ ಅದು. 1493ರಲ್ಲಿ ಅಚ್ಚಾದ ಹಾರ್ಟ್‌ಮನ್ ಶೇಡೆಲನ ವೃತ್ತಾಂತದಲ್ಲಿ ಮ್ಯೂನಿಕ್ಕಿನ ಚಿತ್ರವೊಂದಿದೆ. ಅದರಲ್ಲಿ ಗೋಪುರಗಳಿಗೆ ಗುಮ್ಮಟಗಳಿಲ್ಲ. ಇಂದು ಊರಿನ ಮುದ್ರೆಯೆನಿಸಿದ ಆ ಗುಮ್ಮಟಗಳು ಕೂತದ್ದು 1525ರಲ್ಲಿ. ಸ್ಥಳೀಯರು ಅವಕ್ಕೆ ಕೊಟ್ಟ ಹೆಸರಿನ ಅರ್ಥವೇ ‘ಪರದೇಶದ ಕುಲಾವಿಗಳು’. ಇಂದಿನ ಸಂಪ್ರದಾಯ ನಿನ್ನೆಯ ಹೊಸತನ. ಆ ದಿನ ಊರನ್ನು ಕೇಳಿದ್ದರೆ ಈ ಗುಮ್ಮಟಗಳಿಗೆ ಬಹುಮತ ದೊರೆಯುತ್ತಿತ್ತೋ ಇಲ್ಲವೋ!

ಹೀಗಿದ್ದರೂ ಮ್ಯೂನಿಕ್ಕಿನ ಜನಕ್ಕೆ ತಮ್ಮ ಊರಿನ ಮುಖದ ಮೇಲೆ ಇಷ್ಟೊಂದು ಮಮತೆಯೇಕೆ? ಉತ್ತರ ಯುದ್ಧದಲ್ಲಿದೆ. ಎರಡನೆಯ ಮಹಾಯುದ್ಧದ ಬಾಂಬುಗಳು ಹಳೆಯ ಪೇಟೆಯ ಬಹುಭಾಗವನ್ನು ನೆಲಸಮಮಾಡಿದವು. ಫ್ರೌವೆನ್‌ಕಿರ್ಷೆಯ ಛಾವಣಿ ಕುಸಿಯಿತು. ಗೋಪುರಗಳು ಮಾತ್ರ ನಿಂತವು. ಹಾಳೂರನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಾಗ, ನಗರದ ಕಟ್ಟಡಾಧಿಕಾರಿ ಕಾರ್ಲ್ ಮೈಟಿಂಗರ್ ಹಳೆಯ ಬೀದಿಗಳ ಜಾಡಿನಲ್ಲೇ, ಹಳೆಯ ರೂಪವನ್ನು ಉಳಿಸಿಕೊಂಡು ಮತ್ತೆ ಕಟ್ಟಬೇಕೆಂಬ ಯೋಜನೆಯನ್ನು ಮುಂದಿಟ್ಟರು, ಊರು ಒಪ್ಪಿತು. ಇತರ ಹಲವು ಜರ್ಮನ್ ನಗರಗಳು ಹಿಡಿದ ದಾರಿ ಬೇರೆ. ಫ್ರಾಂಕ್‌ಫರ್ಟ್ ಮುಗಿಲಿಗೆ ಏಣಿ ಹಾಕಿತು. ಒಮ್ಮೆ ಕಳೆದುಕೊಂಡು, ಇಟ್ಟಿಗೆ ಇಟ್ಟಿಗೆಯಾಗಿ ಹಿಂದಕ್ಕೆ ಪಡೆದುಕೊಂಡ ಮುಖ ಇದು. ಮತಪತ್ರದ ಮೇಲೆ ಬರೆದಿದ್ದುದು ಮೀಟರುಗಳ ಲೆಕ್ಕವಾದರೂ ಅದರ ಹಿಂದಿದ್ದುದು ಈ ನೆನಪು.

ಇನ್ನು ಫಲಿತಾಂಶ. ಗೆರೆ ಬೇಕೆಂದವರು ನೂರಕ್ಕೆ 50.8, ಬೇಡವೆಂದವರು 49.2. ಮತಗಟ್ಟೆಗೆ ಬಂದವರಾದರೋ ನೂರಕ್ಕೆ 21.9 ಮಂದಿ ಮಾತ್ರ. ನೂರು ಮತದಾರರಿರುವ ಒಂದು ಸಣ್ಣ ಊರನ್ನು ಕಲ್ಪಿಸಿಕೊಳ್ಳಿ. ಎಪ್ಪತ್ತೆಂಟು ಮಂದಿ ಮನೆಯಲ್ಲಿ ಉಳಿದರು. ಹನ್ನೊಂದು ಮಂದಿ ಹೌದೆಂದರು. ಹೆಚ್ಚುಕಡಿಮೆ ಅಷ್ಟೇ ಮಂದಿ ಇಲ್ಲವೆಂದರು. ನಡುವಣ ಅಂತರ ಒಬ್ಬ ಮನುಷ್ಯನ ಅರ್ಧ ಭಾಗಕ್ಕಿಂತಲೂ ಕಡಮೆ. ಕಾನೂನು ಬಯಸಿದ ನೂರಕ್ಕೆ ಹತ್ತರ ಹೊಸ್ತಿಲನ್ನು ತೀರ್ಪು ಹೀಗೆ ಎಡವದೆ ದಾಟಿತು, ಅಷ್ಟೆ. ಇಷ್ಟು ತೆಳುವಾದ ಎಳೆಯಿಂದ ಊರಿನ ಆಕಾಶವನ್ನು ಕಟ್ಟಬಹುದೆ ಎಂದು ಸೋತವರು ಕೇಳಿದರೆ ಅದು ಹೊಟ್ಟೆಕಿಚ್ಚಿನ ಮಾತಲ್ಲ. ಮ್ಯೂನಿಕ್ಕಿನವರು ಯಾವುದಕ್ಕೂ ತಲೆಯಲ್ಲಾಡಿಸುವವರೆಂದು ಹೇಳುವಂತೆಯೂ ಇಲ್ಲ. ಮೂರೇ ವರ್ಷಗಳ ಹಿಂದೆ, 2001ರಲ್ಲಿ, ಕಾಲ್ಚೆಂಡಾಟದ ಹೊಸ ಕ್ರೀಡಾಂಗಣಕ್ಕೆ ಅವರೇ ಭಾರಿ ಬಹುಮತದಿಂದ ಹೌದೆಂದಿದ್ದರು.

ಮುಂದೆ ನಡೆದುದು ಇನ್ನೂ ವಿಚಿತ್ರ. ಪತ್ರಿಕಾಸಂಸ್ಥೆ ತನ್ನ ಗೋಪುರವನ್ನು ಸುಮಾರು 100 ಮೀಟರಿಗೆ ಕುಗ್ಗಿಸಿತು. 2008ರಲ್ಲಿ ಆ ಕಟ್ಟಡ ಮುಗಿಯಿತು. ತೀರ್ಪಿನ ಕಾನೂನುಬಲ ಒಂದು ವರ್ಷಕ್ಕೆ ತೀರಿಹೋಗಿತ್ತೆಂಬುದನ್ನು ನೆನೆಯಿರಿ. ಆಮೇಲೆ ನಗರಸಭೆ ಬೇಕೆಂದರೆ ಮರುದಿನವೇ ಗೆರೆಯನ್ನು ಅಳಿಸಬಹುದಾಗಿತ್ತು, ಅಳಿಸಲಿಲ್ಲ. ಕಾನೂನು ಸತ್ತಿತು, ಮಾತು ಉಳಿಯಿತು. ಇದನ್ನು ರಾಜಕಾರಣಿಗಳ ಅಂಜಿಕೆಯೆಂದು ಕೆಲವರು ಕರೆದಾರು. ಅಂಜಿಕೆಯೇ ಇರಲಿ, ಜನದ ಮಾತಿಗೆ ಅಂಜುವ ಆಳುವವರು ಎಲ್ಲ ಊರುಗಳಿಗೂ ದೊರೆಯುವುದಿಲ್ಲ. 2019ರಲ್ಲಿ, ಅಂಚೆ ಇಲಾಖೆಯ ಹಳೆಯ ಪೊಟ್ಟಣಶಾಲೆಯ ಬಳಿ ತಲಾ 155 ಮೀಟರಿನ ಎರಡು ಗೋಪುರಗಳ ಯೋಜನೆ ಹೊರಬಂದಾಗ ಜಗಳ ಮತ್ತೆ ಹೊತ್ತಿಕೊಂಡಿತು. ಚೀಟಿಯೆತ್ತಿ ಆರಿಸಿದ ನಾಗರಿಕರನ್ನು 2021ರಲ್ಲಿ ಕೂಡಿಸಿ ಅವರ ಅಭಿಪ್ರಾಯವನ್ನು ಕೇಳಲಾಯಿತು. ವಿರೋಧಿಗಳು ಹೊಸ ಜನಮತಗಣನೆಗಾಗಿ ಸಹಿಗಳನ್ನು ಕೂಡಿಸಲು ಹೊರಟರು. ನೂರರ ಗೆರೆಯನ್ನು ದಾಟಬೇಕೆನ್ನುವವರು ಕೂಡ ಅದು ಇಲ್ಲವೆಂಬಂತೆ ನಡೆಯಲಾರದೆ ಹೋದರು.

ಇಂಥ ಜಗಳ ಮ್ಯೂನಿಕ್ಕಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ 1971ರಲ್ಲೇ ಎತ್ತರವನ್ನು 72 ಅಡಿಗೆ ನಿಲ್ಲಿಸಬೇಕೆಂಬ ಸೂಚನೆ ಮತಕ್ಕೆ ಬಂದು ಸೋತಿತು. 1984ರಲ್ಲಿ ಅದೇ ಊರಿನ ಜನ ಇನ್ನೊಂದು ಬಗೆಯ ಪ್ರಶ್ನೆಗೆ ಹೌದೆಂದರು: 40 ಅಡಿಗಿಂತ ಎತ್ತರದ ಹೊಸ ಕಟ್ಟಡದ ನೆರಳು ಸಾರ್ವಜನಿಕ ಉದ್ಯಾನಗಳ ಬಿಸಿಲನ್ನು ಕದಿಯಕೂಡದು. ಇಲ್ಲಿ ಅಳತೆಗೋಲು ಗೋಪುರವಲ್ಲ, ಸೂರ್ಯ. ಉದ್ಯಾನದಲ್ಲಿ ಆಡುವ ಮಗುವಿನ ಪಾಲಿನ ಬಿಸಿಲಿಗೂ ಒಂದು ಹಕ್ಕುಂಟೆಂದು ಮತದ ಮೂಲಕ ಸಾರಿದ ಊರು ಅದು. ಎತ್ತರವನ್ನು ಕುರುಡಾಗಿ ಅಳೆಯದೆ, ಅದರಿಂದ ಯಾರಿಗೆ ಏನು ನಷ್ಟವಾಗುತ್ತದೆಂದು ನೋಡುವ ಈ ಕ್ರಮ ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬಂತೆ, ಪರದೇಶದ ಜನಮತಗಣನೆಗಳು ನಮಗೆ ಇಲ್ಲಿಂದ ಚೆನ್ನಾಗಿಯೇ ಕಾಣುತ್ತವೆ. ಹತ್ತಿರ ಹೋದರೆ ಅವುಗಳ ತಗ್ಗುದಿಣ್ಣೆಗಳೂ ಕಾಣುತ್ತವೆ. ಸೌಂದರ್ಯವನ್ನು ಹೌದು-ಇಲ್ಲಗಳಿಂದ ತೀರ್ಮಾನಿಸಲಾಗದು. ಕಾವ್ಯದ ಗುಣವನ್ನು ಸಾಲುಗಳ ಎಣಿಕೆಯಿಂದ ಅಳೆಯುವ ವಿಮರ್ಶಕನನ್ನು ನಾವು ನಗುತ್ತೇವೆ. ಕಟ್ಟಡದ ಗುಣವನ್ನು ಮೀಟರುಗಳಿಂದ ಅಳೆಯುವ ಶಾಸನವನ್ನೂ ನಗಬೇಕಾದೀತು. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ನಮ್ಮ ಗಾದೆ ಬೇಡುವುದು ಎಣಿಕೆಯನ್ನಲ್ಲ, ಅಂದವನ್ನು. ಆ ಅಂದವನ್ನು ನಿರ್ಣಯಿಸಲು ಪಳಗಿದ ಕಣ್ಣು ಬೇಕು, ಬಿಡುವು ಬೇಕು, ಸ್ಥಳವನ್ನು ನೋಡಿ ಆಡುವ ಮಾತು ಬೇಕು. ಇವೊಂದೂ ಮತಪೆಟ್ಟಿಗೆಯಲ್ಲಿಲ್ಲ.

ಆದರೂ ಆ ಭಾನುವಾರದ ಮತದಾನವನ್ನು ವ್ಯರ್ಥವೆನ್ನಲು ಮನಸ್ಸೊಪ್ಪುವುದಿಲ್ಲ. ಅದಕ್ಕೆ ಮುನ್ನ ಎತ್ತರದ ಮಾತು ಒಡೆಯರು, ಶಿಲ್ಪಿಗಳು, ಅಧಿಕಾರಿಗಳು ಈ ಮೂವರ ನಡುವೆ ಮುಗಿಯುತ್ತಿತ್ತು. ಅಂದು ಮೊದಲ್ಗೊಂಡು ದಾರಿಹೋಕನೂ ನಾಲ್ಕನೆಯವನಾಗಿ ಆ ಮಾತಿನೊಳಗೆ ಬಂದನು. ಅವನು ತಪ್ಪು ಹೇಳಬಹುದು, ಅರೆತಿಳಿದು ಹೇಳಬಹುದು. ಆದರೆ ಕಟ್ಟಡವನ್ನು ದಿನವೂ ನೋಡಬೇಕಾದವನು ಅವನೇ. ಕಟ್ಟುವವನು ತನ್ನ ಎತ್ತರಕ್ಕೆ ಕಾರಣವನ್ನು ಊರಿಗೆ ಹೇಳಬೇಕಾಗಿ ಬಂದದ್ದು ಸಣ್ಣ ಗೆಲುವೇನಲ್ಲ. ನೂರು ಎಂಬ ಸಂಖ್ಯೆ ನಾಳೆ ನೂರೈವತ್ತಾಗಬಹುದು. ಊರು ಬೆಳೆಯುವಾಗ ಗೆರೆಗಳು ಸರಿಯುವುದು ಸಹಜ. ಸರಿಸುವ ಮುನ್ನ ಕೇಳುವ ಅಭ್ಯಾಸ ಒಂದು ಉಳಿದರೆ ಸಾಕು. ಕೇಳಿದಾಗ ಮನೆಯಲ್ಲಿ ಕುಳಿತ ಎಪ್ಪತ್ತೆಂಟು ಮಂದಿಗೆ ಆಕಾಶ ತಮ್ಮದೂ ಹೌದೆಂಬ ಅರಿವು ಹುಟ್ಟಿಸುವುದು ಗೆರೆ ಎಳೆಯುವುದಕ್ಕಿಂತ ಕಷ್ಟದ ಕೆಲಸ. ಶಾಸನಕ್ಕಿಂತ ಹೆಚ್ಚಾಗಿ ಅದು ಶಾಲೆಯ ಕೆಲಸ.