ಅಮ್ಮನ ಬೆನ್ನಿಗೊಂದು ಒರಗು

ನಮ್ಮ ಮನೆ ನಂಜನಗೂಡಿನಲ್ಲಿ, ಅಮ್ಮನ ತವರು ಟಿ. ನರಸೀಪುರದಲ್ಲಿ. ಮಧ್ಯೆ ಇರೋದು ಮೂವತ್ತು ಕಿಲೋಮೀಟರ್ ಆಸುಪಾಸು. ಆದರೆ ಕಳೆದ ವರ್ಷ ಆ ದೂರ ಅಮ್ಮನ ಪಾಲಿಗೆ ಮುನ್ನೂರು ಕಿಲೋಮೀಟರ್ ಆಗಿಬಿಟ್ಟಿತ್ತು.

ಆಗಿದ್ದಿಷ್ಟೇ. ಒಂದು ಭಾನುವಾರ ಅಜ್ಜಿಯನ್ನು ನೋಡಿಕೊಂಡು ಬೈಕಿನಲ್ಲಿ ವಾಪಸ್ ಬರ್ತಿದ್ವಿ. ಕತ್ತಲಾಗಿತ್ತು. ಬಣ್ಣ ಬಳಿಯದ ಹಂಪ್ ಹತ್ತಿರ ಹೋದ ಮೇಲಷ್ಟೇ ಕಂಡಿತು. ಬ್ರೇಕ್ ಒತ್ತುವಷ್ಟರಲ್ಲಿ ಗಾಡಿ ಎಗರಿ ಇಳಿಯಿತು. ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದ ಅಮ್ಮ ಹಿಂದಕ್ಕೆ ಜಾರಿದರು. ನನ್ನ ಶರ್ಟು ಹಿಡಿದು ಹೇಗೋ ಉಳಿದುಕೊಂಡರು. ಚಪ್ಪಲಿ ರಸ್ತೆಗೆ ಬಿತ್ತು, ಶರ್ಟಿನ ಎರಡು ಗುಂಡಿ ಕಿತ್ತುಹೋದವು. ಮನೆ ಸೇರುವವರೆಗೂ ಅಮ್ಮ ಮಾತಾಡಲಿಲ್ಲ. ಇಳಿದ ಮೇಲೆ, "ಇನ್ಮೇಲೆ ನಾನು ಬಸ್ಸಲ್ಲೇ ಹೋಯ್ತೀನಿ ಕಣಪ್ಪಾ" ಅಂದರು.

ಬಸ್ಸೇನೋ ಇದೆ. ಆದರೆ ಮಂಡಿನೋವಿನ ಅಮ್ಮ ಇಲ್ಲಿ ಬಸ್ ಸ್ಟ್ಯಾಂಡಿಗೆ, ಅಲ್ಲಿ ಬಸ್ ಸ್ಟ್ಯಾಂಡಿನಿಂದ ಅಜ್ಜಿ ಮನೆಗೆ ನಡೀಬೇಕು. ವಾರಕ್ಕೊಮ್ಮೆ ಹೋಗ್ತಿದ್ದವರು ತಿಂಗಳಿಗೊಮ್ಮೆ ಹೋಗತೊಡಗಿದರು. ಆಮೇಲೆ ಬರೀ ಫೋನು. ಅಜ್ಜಿಗೆ ತೊಂಬತ್ತರ ಹತ್ತಿರ, ಕಿವಿ ಮಂದ. ಫೋನಿನಲ್ಲಿ ಮಗಳ ದನಿಯೇ ಗುರುತು ಸಿಗದೆ "ಯಾರು ಮಾತಾಡೋದು?" ಅಂತ ಕೇಳಿದ ದಿನ, ಅಮ್ಮ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಿದ್ದರು. ಕಾರು ಕೊಳ್ಳೋಣ ಅಂದ್ರೆ ಮನೆ ಸಾಲ ಇನ್ನೂ ಬಾಕಿ. ಅವತ್ತೇ ಅನ್ನಿಸಿದ್ದು, ಇರೋ ಬೈಕಿಗೇ ಒಂದು ಒರಗು, ಅದೇ ಬ್ಯಾಕ್‌ರೆಸ್ಟ್, ಹಾಕಿಸಬೇಕು ಅಂತ.

ಅಪ್ಪನ ರೋಡ್‌ಕಿಂಗ್

ಇರೋ ಬೈಕು ಅಪ್ಪನ ಕಾಲದ ಯಜ್ಡಿ ರೋಡ್‌ಕಿಂಗ್. ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ. ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯದು. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರನ್ನೇ ಒಳಕ್ಕೆ ಮಡಚಿದರೆ ಅದೇ ಗೇರ್ ಲಿವರ್. ಇವತ್ತಿಗೂ ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ ದಿನಕ್ಕೆ ಇಂಥ ಹಳೇ ಗಾಡಿಗಳು ಮೈಸೂರಿನಲ್ಲಿ ಸಾಲುಗಟ್ಟುತ್ತವೆ. ಅಪ್ಪ ಇದರಲ್ಲೇ ಊಟಿ, ತಲಕಾವೇರಿ, ಧರ್ಮಸ್ಥಳ ಸುತ್ತಿದವರು. ಕಣ್ಣು ಮಂಜಾದ ಮೇಲೆ ಕೀ ನನ್ನ ಕೈಗೆ ಬಂತು.

"ಹೊಸ ಸ್ಕೂಟರ್ ತಗೊಳ್ಳೋ" ಅಂದ ಗೆಳೆಯರೂ ಇದ್ದಾರೆ. ಆದರೆ ಸ್ಕೂಟರಿನ ಸಣ್ಣ ಚಕ್ರಕ್ಕಿಂತ ಇದರ ದೊಡ್ಡ ಚಕ್ರ ಗುಂಡಿಗಳಲ್ಲಿ ಕಡಿಮೆ ಕುಲುಕುತ್ತೆ. ಸೀಟೂ ಉದ್ದ. ಕೊರತೆ ಇದ್ದದ್ದು ಒಂದೇ, ಹಿಂದೆ ಕೂತವರ ಬೆನ್ನಿಗೆ ಆಸರೆ ಇರಲಿಲ್ಲ.

ಮೊದಲ ಪ್ರಯತ್ನ ಫ್ಲಾಪ್

ಬೇರೆ ಬೈಕಿಗೆ ಅಂತ ಮಾಡಿದ ರೆಡಿಮೇಡ್ ಬ್ಯಾಕ್‌ರೆಸ್ಟ್ ಒಂದನ್ನು ತಂದೆ. ಅಂಗಡಿಯವನು ಕ್ಲ್ಯಾಂಪ್ ಹಾಕಿ ಹಿಂದಿನ ಕ್ಯಾರಿಯರ್ ತುದಿಗೆ ಬಿಗಿದುಕೊಟ್ಟ. ನೋಡೋಕೆ ಚೆನ್ನಾಗೇ ಇತ್ತು. ಪುಣ್ಯಕ್ಕೆ ಮೊದಲು ಕೂರಿಸಿದ್ದು ಅಮ್ಮನನ್ನಲ್ಲ, ಗೆಳೆಯನನ್ನು. ಅರ್ಧ ದಾರಿಯಲ್ಲಿ ಅವನು ಕೂಗಿಕೊಂಡ. ಇಳಿದು ನೋಡಿದರೆ ಒಂದು ನಟ್ಟು ಇಲ್ಲವೇ ಇಲ್ಲ, ಒರಗು ಹಿಂದಕ್ಕೆ ವಾಲಿದೆ. ಇದೇ ಜಾಗದಲ್ಲಿ ಅಮ್ಮ ಕೂತಿದ್ದಿದ್ರೆ ಅಂತ ನೆನೆದು ಕೈ ನಡುಗಿತು. ಒರಗೇ ಇಲ್ಲದಿದ್ದರೆ ಹಿಂದೆ ಕೂತವರು ಹುಷಾರಾಗಿ ಕೂರ್ತಾರೆ. ಸಡಿಲ ಒರಗು ಇದ್ದರೆ ನಂಬಿ ಬೆನ್ನು ಕೊಡ್ತಾರೆ. ಅಪಾಯ ಇರೋದು ಅಲ್ಲೇ.

ಅಪ್ಪನ ಕಾಲದಿಂದ ಈ ಗಾಡಿ ನೋಡಿಕೊಂಡ ಹಿರಿಯ ಮೆಕ್ಯಾನಿಕ್ ಒಬ್ಬರು ಊರಲ್ಲೇ ಇದ್ದಾರೆ. ಅವರ ಹತ್ತಿರ ಹೋದೆ. ಅವರು ಒರಗನ್ನು ಒಂದು ಸಲ ಅಲ್ಲಾಡಿಸಿ, "ಹಿಂದಿನ ಸೀಟಲ್ಲಿ ಯಾವತ್ತಾದ್ರೂ ಕೂತಿದ್ದೀಯೇನಪ್ಪಾ?" ಅಂದರು. ಹತ್ತು ವರ್ಷದಿಂದ ಓಡಿಸ್ತಿದ್ದೀನಿ, ಒಮ್ಮೆಯೂ ಕೂತಿರಲಿಲ್ಲ. ಹಿಂದೆ ಕೂರಿಸಿಕೊಂಡು ಒಂದು ರೌಂಡ್ ಹೊಡೆದರು. ಮುಂದೇನಿದೆ ಕಾಣಲ್ಲ, ಬ್ರೇಕ್ ಯಾವಾಗ ಬೀಳುತ್ತೋ ಗೊತ್ತಿಲ್ಲ, ಗೇರ್ ಬದಲಿಸಿದಾಗೆಲ್ಲ ಕತ್ತು ಹಿಂದಕ್ಕೆ. ಐದೇ ನಿಮಿಷದಲ್ಲಿ ಅಮ್ಮನ ಭಯ ನನಗೆ ಅರ್ಥವಾಯ್ತು. "ಗಾಡಿ ಅಳತೆ ನನಗೆ ಗೊತ್ತು. ಕೂರೋರನ್ನ ಕರ್ಕೊಂಡ್ ಬಾ" ಅಂದರು.

ಅಳತೆ ಕೊಟ್ಟಿದ್ದು ಅಮ್ಮ

ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಅಮ್ಮ ಯಾವತ್ತಿನಂತೆ ಒಂದೇ ಕಡೆ ಕಾಲು ಹಾಕಿ ಕೂತರು. ಮೆಕ್ಯಾನಿಕ್ ಹಿಂದೆ ಹಲಗೆ ಹಿಡಿದರು. ಅದು ಅಮ್ಮನ ಎಡ ಮೊಣಕೈಗೆ ತಾಗಿತೇ ಹೊರತು ಬೆನ್ನಿಗಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದೇ ಇರಲಿಲ್ಲ! "ಅಮ್ಮಾ, ಎರಡೂ ಕಡೆ ಕಾಲು ಹಾಕಿದ್ರೇನೇ ಇದು ಬೆನ್ನಿಗೆ ಬರೋದು. ಇಲ್ದಿದ್ರೆ ಸುಮ್ನೆ ದುಡ್ಡು ದಂಡ" ಅಂದರು.

ಅರವತ್ತಮೂರು ವರ್ಷದಲ್ಲಿ ಅಮ್ಮ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಏನೂ ಮಾತಾಡದೆ ಇಳಿದರು. ನಾನೂ ಒತ್ತಾಯ ಮಾಡಲಿಲ್ಲ. ನಾಲ್ಕು ದಿನ ಕಳೆದ ಮೇಲೆ ನನ್ನ ಹೆಂಡತಿಯ ಹತ್ತಿರ ಮೆಲ್ಲಗೆ, "ನಿಂಗೆ ಹೊಲಿಯೋಳ ಹತ್ರ ನಂಗೂ ಒಂದು ಚೂಡಿದಾರ ಹೊಲಿಸ್ಕೊಡಮ್ಮಾ, ಸಡಿಲ ಇರ್ಲಿ" ಅಂದರಂತೆ.

ಎರಡನೇ ಸಲ ಅಳತೆ ಸರಿಯಾಗಿ ಸಿಕ್ಕಿತು. ಹಲಗೆ ಮೇಲೆ ಅಮ್ಮನ ಸೊಂಟದ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಬಿತ್ತು. ಸೀಟಿನಿಂದ ಒಂಬತ್ತು ಅಂಗುಲ ಎತ್ತರ ಸಾಕು ಅಂತ ತೀರ್ಮಾನವಾಯ್ತು. ಕಬ್ಬಿಣದ ಪೈಪ್ ಬಗ್ಗಿಸಿ ಚೌಕಟ್ಟು ಮಾಡಿದರು. ಅದನ್ನು ಕ್ಯಾರಿಯರ್‌ಗಲ್ಲ, ಫ್ರೇಮಿಗೇ ಕೂರಿಸಿದರು. ಎರಡೂ ಪಕ್ಕದ ಶಾಕ್ ಅಬ್ಸಾರ್ಬರ್‌ನ ಮೇಲಿನ ಬೋಲ್ಟು, ಹಿಂದೆ ಮಡ್‌ಗಾರ್ಡ್ ಹಿಡಿದಿರುವ ಬೋಲ್ಟು, ಒಟ್ಟು ನಾಲ್ಕು ಕಡೆ ಹಿಡಿತ. ಹಳೇ ಬೋಲ್ಟು ತೆಗೆದು ಉದ್ದದ್ದು ಹಾಕಿ, ಬಿಚ್ಚಿಕೊಳ್ಳದ ನೈಲಾಕ್ ನಟ್ಟು ಬಿಗಿದರು. ಒಳಗೆ ಗಟ್ಟಿ ಸ್ಪಾಂಜು, ಮೇಲೆ ತೆಳುವಾಗಿ ಮೆತ್ತನೆಯದು, ಅದರ ಮೇಲೆ ಕಪ್ಪು ರೆಕ್ಸಿನ್.

ಮಂಡಿನೋವಿನದು ಇನ್ನೊಂದು ಪ್ರಶ್ನೆ. ಒರಗು ಇದ್ದರೆ ಹಿಂದಿನಿಂದ ಕಾಲು ಬೀಸಿ ಹತ್ತೋಕಾಗಲ್ಲ. ನಾನು ಮೊದಲು ಕೂತು ಎರಡೂ ಕಾಲು ಊರಿ, ಗಾಡಿಯನ್ನು ಜಗಲಿಕಟ್ಟೆಗೆ ತಾಗಿಸಿ ನಿಲ್ಲಿಸ್ತೀನಿ. ಅಮ್ಮ ಕಟ್ಟೆಯಿಂದ ನನ್ನ ಭುಜ ಹಿಡಿದು, ನನಗೂ ಒರಗಿಗೂ ನಡುವೆ ಕಾಲು ದಾಟಿಸಿ ಕೂರ್ತಾರೆ.

ನೀವೂ ಹಾಕಿಸೋದಾದ್ರೆ

• ಫ್ರೇಮನ್ನು ಕತ್ತರಿಸಬೇಡಿ, ಅದಕ್ಕೆ ವೆಲ್ಡ್ ಹೊಡೆಸಬೇಡಿ. ನೋಂದಣಿ ಪತ್ರದ ಮೂಲ ವಿವರಗಳು ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶವಿಲ್ಲ. ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು.

• ಒರಗು ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಮುಚ್ಚಬಾರದು. ಸೀರೆ ಗಾರ್ಡ್, ಹಿಡಿಕೆ ತೆಗೆಯಬೇಡಿ. ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ರಕ್ಷಣೆ ಇರಬೇಕು ಅನ್ನೋದು ನಿಯಮ.

• ಒರಗು ತುಂಬ ಹಿಂದಿದ್ದರೆ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರವಾಗುತ್ತೆ. ತುಂಬ ಮುಂದಿದ್ದರೆ ಇಬ್ಬರಿಗೂ ಇಕ್ಕಟ್ಟು.

• ಹಳೇ ಗಾಡಿಯಾದರೆ ಮೊದಲು ಶಾಕ್ ಅಬ್ಸಾರ್ಬರ್, ಹಿಂದಿನ ಟೈರು, ಬ್ರೇಕ್ ನೋಡಿಸಿ. ಇಬ್ಬರು ಹೋಗುವಾಗ ಹಿಂದಿನ ಟೈರಿಗೆ ಗಾಳಿ ತುಸು ಹೆಚ್ಚು ಬೇಕು.

• ಮೊದಲ ಸವಾರಿ ಆದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಸಿ, ಆಮೇಲೂ ಆಗಾಗ ನೋಡ್ತಿರಿ.

• ದುಪಟ್ಟಾ ಪಿನ್ ಹಾಕಿರಲಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಒರಗು ಅದಕ್ಕೆ ಬದಲಿ ಅಲ್ಲ.

ಸಂಗಮದೂರಿಗೆ

ಮೊದಲು ಊರೊಳಗೇ ದೇವಸ್ಥಾನದವರೆಗೆ ಹೋಗಿಬಂದೆವು. ಮುಂದಿನ ಭಾನುವಾರ ಬೆಳಗ್ಗೆ, ಒಂದು ಚಿಪ್ಪು ರಸಬಾಳೆ ಚೀಲಕ್ಕೆ ಹಾಕಿಕೊಂಡು ಹೊರಟೆವು. ಹಂಪ್ ಬರುವ ಮೊದಲೇ "ಅಮ್ಮಾ, ಹಂಪು" ಅಂತ ಕೂಗಿ ಹೇಳ್ತಿದ್ದೆ. ಅರ್ಧ ದಾರಿ ಕಳೆಯುವವರೆಗೂ ಅಮ್ಮನ ಕೈ ನನ್ನ ಭುಜದ ಮೇಲೆ ಬಿಗಿಯಾಗೇ ಇತ್ತು. ಆಮೇಲೆ ಮೆಲ್ಲಗೆ ಸಡಿಲವಾಯ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ, "ಈ ಸಲ ಭತ್ತ ಚೆನ್ನಾಗಿ ಬಂದದೆ ಅಲ್ವೇನೋ" ಅನ್ನೋ ಮಾತು ಬಂತು. ಅಮ್ಮ ಗದ್ದೆ ನೋಡ್ತಾ ಕೂತಿದ್ದಾರೆ ಅಂದ್ರೆ ಒರಗಿಗೆ ಬೆನ್ನು ಕೊಟ್ಟಿದ್ದಾರೆ ಅಂತ ಗೊತ್ತಾಯ್ತು.

ಅಜ್ಜಿ ಜಗಲಿ ಮೇಲೆ ಬಿಸಿಲಿಗೆ ಕೂತಿದ್ದರು. ಕಣ್ಣು ಕಿರಿದು ಮಾಡಿ, "ಯಾರವ್ವಾ ಈ ಹುಡ್ಗಿ?" ಅಂದರು. ಅಮ್ಮ ಹೆಲ್ಮೆಟ್ ತೆಗೆದು, "ನಾನು ಕಣವ್ವಾ" ಅಂದರು. ಅಜ್ಜಿ ಚೂಡಿದಾರದ ಬಟ್ಟೆ ಮುಟ್ಟಿ ನೋಡಿ ನಕ್ಕರು. "ಬಂದಿದ್ದೀಯ, ಸಂಜೆಗಂಟ ಇರ್ತೀಯ ತಾನೆ?" ಅಂತ ಕೈ ಹಿಡಿದುಕೊಂಡರು. ಗುಂಜಾ ನರಸಿಂಹಸ್ವಾಮಿಗೆ ಕೈಮುಗಿದು ಬರೋಣ ಅಂತ ಹೊರಟಿದ್ದ ನಮ್ಮನ್ನು ಅಜ್ಜಿ ಮಧ್ಯಾಹ್ನದವರೆಗೂ ಬಿಡಲೇ ಇಲ್ಲ.

ಈಗ ಭಾನುವಾರ ಬಂತೆಂದರೆ ಹೆಲ್ಮೆಟ್ ಹಾಕಿಕೊಂಡು ಕಟ್ಟೆ ಮೇಲೆ ಮೊದಲು ನಿಲ್ಲೋದು ಅಮ್ಮನೇ. ನಿಮ್ಮ ಮನೆಯಲ್ಲೂ "ನಾನು ಬರಲ್ಲ, ನೀವು ಹೋಗ್ಬನ್ನಿ" ಅನ್ನೋರು ಯಾರಾದ್ರೂ ಇದ್ದರೆ, ನಿಮ್ಮ ಗಾಡಿಯ ಹಿಂದಿನ ಸೀಟಲ್ಲಿ ಒಂದು ಸಲ ನೀವೇ ಕೂತು ನೋಡಿ.