ಅಪ್ಪನ ಬೀರುವಿನ ಕಾಗದಗಳು

ಅಪ್ಪ ಬಚ್ಚಿಟ್ಟಿದ್ದ ಬ್ಯಾಂಕಿನ ಕಾಗದಗಳು ನನಗೆ ಸಿಕ್ಕಿದ್ದು ದೀಪಾವಳಿಗೆ ಬೀರು ಒರೆಸುವಾಗ. ಅಂಗಡಿಗೆಂದು ಮಾಡಿದ ಕೈಸಾಲ, ಅಮ್ಮನ ಬಳೆ ಅಡವಿಟ್ಟ ಚೀಟಿ, ಜತೆಗೆ ಕ್ರೆಡಿಟ್ ಕಾರ್ಡ್. ‘ತಿಂಗಳಿಗೆ ಬರೀ ಮೂರೂವರೆ ಪರ್ಸೆಂಟ್ ಕಣೇ’ ಅಂದರು. ‘ವರ್ಷಕ್ಕೆ 42 ಆಯ್ತಲ್ಲಪ್ಪಾ’ ಅಂದೆ. ಮಾತಿಲ್ಲ.

ಮನೆ ಅಡವಿಟ್ಟು ಎಲ್ಲ ತೀರಿಸೋಣ ಎಂಬುದು ಅವರ ಹಟ. ಬಡ್ಡಿ ಕಡಿಮೆ, ನಿಜ. ಆದರೆ ಕಾರ್ಡಿನ ಸಾಲಕ್ಕೆ ಮನೆ ಒತ್ತೆಯಿಲ್ಲ. ಅಡವಿಟ್ಟ ಮೇಲೆ ಕಂತು ತಪ್ಪುತ್ತಾ ಹೋದರೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು ಬ್ಯಾಂಕ್ ಮನೆಯನ್ನೇ ವಶಪಡಿಸಿಕೊಳ್ಳಬಹುದು. ಕೊನೆಗೆ ಮಹಡಿಯ ರೂಮು ಬಾಡಿಗೆಗೆ ಕೊಡಲು ಒಪ್ಪಿದರು. ಆ ಬಾಡಿಗೆಗೆ ನನ್ನ ಸಂಬಳದ ಒಂದು ಪಾಲು ಸೇರಿಸಿ ಮೊದಲು ಕಾರ್ಡ್ ತೀರಿಸುತ್ತಿದ್ದೇವೆ. ಮಗಳ ದುಡ್ಡೆಂದು ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೊನ್ನೆ ಬಂದ ಬಿಲ್ ಮಾತ್ರ ಬೀರು ಸೇರಲಿಲ್ಲ, ನನ್ನ ಮೇಜಿನ ಮೇಲಿತ್ತು.