ಮಾನವಿಯ ಪಂಡಿತರ ಹೊಟ್ಟೆನೋವು

ಊಟಕ್ಕೆ ಕಾಯುವುದು ಪಂಡಿತರಿಗೂ ಕಷ್ಟ, ಪಾಮರರಿಗೂ ಕಷ್ಟ. ಎಲೆ ಹಾಕುವ ಹೊತ್ತು ಮೀರಿ, ಅಡಿಗೆಯ ಮನೆಯಿಂದ ಒಗ್ಗರಣೆಯ ವಾಸನೆ ಮಾತ್ರ ಬರುತ್ತ, ಅನ್ನ ಬಾರದೆ ಇರುವಾಗ ಮನುಷ್ಯನ ನಿಜವಾದ ಗುಣ ಹೊರಬೀಳುತ್ತದೆಂದು ನಮ್ಮ ಹಿರಿಯರು ನಗುತ್ತ ಹೇಳುವುದುಂಟು. ಕನ್ನಡದ ಒಂದು ಮಹಾಗ್ರಂಥದ ಹುಟ್ಟಿಗೆ ಇಂತಹ ಒಂದು ಊಟದ ಹೊತ್ತಿನ ಜಗಳವೇ ಕಾರಣವಾಯಿತೆಂದರೆ ವಾಚಕರು ನಂಬಲಿಕ್ಕಿಲ್ಲ. ಜಗಳವೆನ್ನುವುದೂ ತಪ್ಪು. ಒಬ್ಬರು ಕರೆದರು, ಇನ್ನೊಬ್ಬರು ಬರಲಿಲ್ಲ, ಅಷ್ಟೆ.

ಹದಿನೆಂಟನೆಯ ಶತಮಾನದ ನಡುಗಾಲ. ರಾಯಚೂರು ಸೀಮೆಯ ಮಾನವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ತರುಣ ವಿದ್ವಾಂಸರಿದ್ದರು. ಹತ್ತಿರದ ಬ್ಯಾಗವಟ ಅವರು ಹುಟ್ಟಿದ ಊರು. ಸಂಸ್ಕೃತದಲ್ಲಿ ವಾದಕ್ಕೆ ನಿಂತರೆ ಎದುರಾಳಿ ಹೆಗಲ ಶಾಲನ್ನು ಎರಡು ಸಲ ಸರಿಪಡಿಸಿಕೊಳ್ಳಬೇಕಾಗುವಂತಹ ಹೆಸರು ಅವರದು. ಅದೇ ಸೀಮೆಯ ಚೀಕಲಪರವಿಯ ವಿಜಯದಾಸರು ಆಗ ವೃದ್ಧರು. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು, ಶಿಷ್ಯರ ಗುಂಪಿನೊಡನೆ ಊರೂರು ತಿರುಗುತ್ತ ಅವರು ಮಾನವಿಗೆ ಬಂದರು. ಭಜನೆಯಾಯಿತು, ಸಂತರ್ಪಣೆಯ ಏರ್ಪಾಡೂ ಆಯಿತು. ಊರಿನ ವಿದ್ವಾಂಸರನ್ನು ಬಿಟ್ಟು ಉಣ್ಣುವುದು ಹೇಗೆ? ಶ್ರೀನಿವಾಸಾಚಾರ್ಯರಿಗೆ ಕರೆ ಹೋಯಿತು.

ಆಚಾರ್ಯರಿಗೆ ಈ ದಾಸರ ಗುಂಪು ಹಿಡಿಸದು. ಶಾಸ್ತ್ರದ ಮಾತನ್ನು ಕನ್ನಡದಲ್ಲಿ ಹಾಡುವುದು, ಬೀದಿಯಲ್ಲಿ ಕುಣಿಯುವುದು, ಹೊತ್ತು ಗೊತ್ತಿಲ್ಲದೆ ಊಟ ಮಾಡುವುದು, ಇವೆಲ್ಲ ಅವರ ದೃಷ್ಟಿಯಲ್ಲಿ ಪಾಂಡಿತ್ಯವಿಲ್ಲದವರ ಆಟ. ಆದರೆ ಬಾಯಿಬಿಟ್ಟು ಹಾಗೆಂದು ಹೇಳುವುದು ಸಭ್ಯತೆಯಲ್ಲ. ತಮಗೆ ಹೊಟ್ಟೆನೋವಿನ ಬಾಧೆಯುಂಟೆಂದೂ, ಹೊತ್ತು ತಪ್ಪಿ ಉಣ್ಣುವಂತಿಲ್ಲವೆಂದೂ ಹೇಳಿಕಳುಹಿಸಿ ಮನೆಯಲ್ಲಿಯೇ ಊಟ ಮುಗಿಸಿದರು. ನಾವು ನೀವು ವಾರಕ್ಕೊಮ್ಮೆ ಹೇಳುವ ಸುಳ್ಳು. ಅವರ ಪಾಲಿಗೆ ಅದು ನಿಜವಾಯಿತು. ಹೊಟ್ಟೆನೋವು ಬಂದಿತು, ಬಂದದ್ದು ಹೋಗಲಿಲ್ಲ.

ಇದು ವಿಜಯದಾಸರ ಶಾಪವೆಂದು ಕೆಲವರು ಹೇಳುತ್ತಾರೆ. ಭಾಗವತರನ್ನು ತಿರಸ್ಕರಿಸಿದ ಪಾಪ ತಾನಾಗಿಯೇ ಫಲಿಸಿತೆಂದು ಇನ್ನು ಕೆಲವರು. ಆ ವಿಚಾರ ನನಗೆ ಅಷ್ಟು ಮುಖ್ಯವಾಗಿ ತೋರುವುದಿಲ್ಲ. ಔಷಧ ಸಿಕ್ಕಿದ ದಾರಿಯನ್ನು ನೋಡಬೇಕು. ವೈದ್ಯರಾದರು, ಹರಕೆಗಳಾದವು, ಕ್ಷೇತ್ರಗಳಲ್ಲಿ ಸೇವೆಯಾಯಿತು. ಕೊನೆಗೆ ಸ್ವಪ್ನದಲ್ಲಿ ಅಪ್ಪಣೆಯಾಯಿತಂತೆ: ಯಾರನ್ನು ಕಡೆಗಣಿಸಿದೆಯೋ ಅವರಲ್ಲಿಗೇ ಹೋಗು ಎಂದು. ಆಚಾರ್ಯರು ಸೊರಗಿದ ದೇಹವನ್ನು ಹೊತ್ತು ವಿಜಯದಾಸರ ಕಾಲಿಗೆ ಬಿದ್ದರು. ಕಥೆ ಇಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ವಿಜಯದಾಸರು ತಾವು ಏನೂ ಮಾಡಲಿಲ್ಲ. ಉತ್ತನೂರಿನಲ್ಲಿರುವ ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಹೋಗೆಂದರು.

ಈ ತಿರುವಿನಲ್ಲಿಯೇ ಕಥೆಯ ಸಾರವೆಲ್ಲ ಇದೆಯೆಂದು ನನ್ನ ಭಾವನೆ. ವಿಜಯದಾಸರು ವಯೋವೃದ್ಧರು, ನಾಡೆಲ್ಲ ಹೆಸರಾದವರು. ಅವರ ಮುಂದೆ ತಲೆಬಾಗಿದರೆ ಯಾರ ಮಾನವೂ ಹೋಗುವುದಿಲ್ಲ. ನಾಲ್ಕು ಜನ ಮೆಚ್ಚುತ್ತಾರೆ. ಗೋಪಾಲದಾಸರಾದರೋ ಆಚಾರ್ಯರಿಗಿಂತ ಕೆಲವೇ ವರ್ಷ ದೊಡ್ಡವರು. ತಮ್ಮಂತೆಯೇ ಇನ್ನೂ ತಾರುಣ್ಯದಲ್ಲಿದ್ದವರು. ತನಗೆ ಸರಿಸಾಟಿಯೆಂದೋ ತನಗಿಂತ ಕಡಿಮೆಯೆಂದೋ ಒಳಗೊಳಗೇ ಲೆಕ್ಕಹಾಕಿಟ್ಟ ಮನುಷ್ಯನ ಬಾಗಿಲಲ್ಲಿ ಹೋಗಿ ನಿಲ್ಲುವುದಿದೆಯಲ್ಲ, ಅದು ಬೇರೆಯೇ ಸಂಗತಿ. ದೇವರ ಮುಂದೆ ‘ನಾನು ಪಾಪಿ, ನಾನು ಅಧಮ’ ಎಂದು ಹಾಡುವುದಕ್ಕೆ ಖರ್ಚಿಲ್ಲ. ಅದೇ ಮಾತನ್ನು ಪಕ್ಕದ ಮನೆಯವನು ನಮಗೆ ಹೇಳಿದರೆ ಅಂದೇ ಪಂಚಾಯಿತಿ ಸೇರುತ್ತದೆ!

ಉತ್ತನೂರು ಈಗ ತೆಲಂಗಾಣಕ್ಕೆ ಸೇರಿದ ಗದ್ವಾಲ ಸೀಮೆಯಲ್ಲಿದೆ. ಅಲ್ಲಿ ಗೋಪಾಲದಾಸರು ಕೊಟ್ಟ ಔಷಧ ಯಾವುದೆಂದು ಬಲ್ಲಿರಾ? ಜೋಳದ ರೊಟ್ಟಿ. ಹೊಟ್ಟೆ ಕೆಟ್ಟವನಿಗೆ ಯಾವ ವೈದ್ಯನೂ ಹೇಳದ ಪಥ್ಯ. ಆ ಸೀಮೆಯ ಬಡವರ ನಿತ್ಯದ ಊಟ. ಅಂದು ಸಂತರ್ಪಣೆಯ ಎಲೆಯನ್ನು ಬೇಡವೆಂದವರು ಇಂದು ಕೈಯೊಡ್ಡಿ ರೊಟ್ಟಿ ತಿಂದರು, ನೋವು ಇಳಿಯಿತು. ಇಷ್ಟೇ ಅಲ್ಲ, ಗುರುವಿನ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯ. ಗೋಪಾಲದಾಸರು ನಡುವಯಸ್ಸಿನಲ್ಲಿಯೇ ತೀರಿಕೊಂಡರು; ಆಚಾರ್ಯರು ಎಂಬತ್ತು ದಾಟಿ ಬದುಕಿದರು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಈ ಕಥೆಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದವರ ಮನಸ್ಸನ್ನಾದರೂ ನಾವು ಗಮನಿಸಬೇಕು. ಅವಮಾನಕ್ಕೊಳಗಾದ ಪಕ್ಷದವರು ಹಳೆಯ ಬಾಕಿ ಕೇಳಲಿಲ್ಲ. ತಮ್ಮ ಬಾಳನ್ನೇ ಕತ್ತರಿಸಿಕೊಟ್ಟರು.

ಅಲ್ಲಿಂದ ಮುಂದೆ ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದೇಳುವಾಗ ‘ಜಗನ್ನಾಥವಿಠಲ’ ಎಂಬ ಅಂಕಿತದ ಶಿಲೆ ದೊರೆತು, ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ದಾಸದೀಕ್ಷೆಯೆಂದರೆ ಬರಿಯ ಹೆಸರಿನ ಬದಲಾವಣೆಯಲ್ಲ. ಗೆಜ್ಜೆ ಕಟ್ಟಬೇಕು, ತಂಬೂರಿ ಹಿಡಿಯಬೇಕು, ಮನೆಮನೆಯ ಮುಂದೆ ಹಾಡಿ ಬೇಡಬೇಕು, ನಾಳೆಗೆಂದು ಕೂಡಿಡಬಾರದು. ಮಧುಕರವೃತ್ತಿಯೆಂದು ಅದಕ್ಕೆ ಚೆಲುವಾದ ಹೆಸರಿದೆ. ಕೆಲಸ ಮಾತ್ರ ಕಠಿಣ. ಈ ಮನೆಯವರು ಒಳ್ಳೆಯವರು, ಆ ಮನೆಯವರು ಜಿಪುಣರು ಎಂದು ಆರಿಸುವಂತಿಲ್ಲ. ಹಾಕಿದ್ದನ್ನು ತೆಗೆದುಕೊಳ್ಳಬೇಕು, ಬೈದರೆ ಹರಸಿ ಮುಂದೆ ಹೋಗಬೇಕು. ಸಂಪತ್ತಿನಲ್ಲಿ ಮೆರೆದ ಪುರಂದರದಾಸರೂ ಹೀಗೆಯೇ ಬೀದಿಗಿಳಿದರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ವಿನಯವೆಂಬುದು ಉಪದೇಶದಿಂದ ಬರುವುದಲ್ಲ, ಕಾಲು ಸವೆಸಿದರೆ ಬರಬಹುದು ಎಂಬುದು ಆ ಹಿರಿಯರ ಲೆಕ್ಕವಾಗಿತ್ತೆಂದು ತೋರುತ್ತದೆ.

ಹಾಗೆ ಕಾಲು ಸವೆಸಿದ ಪಂಡಿತರು ಬರೆದ ಗ್ರಂಥವೇ ‘ಹರಿಕಥಾಮೃತಸಾರ’. ಭಾಮಿನಿ ಷಟ್ಪದಿಯ 32 ಸಂಧಿಗಳು; ಮಧ್ವಸಿದ್ಧಾಂತದ ತಿರುಳೆಲ್ಲ ಕನ್ನಡದಲ್ಲಿ. ಯಾವ ಭಾಷೆಯಲ್ಲಿ ಶಾಸ್ತ್ರ ಹೇಳುವುದನ್ನು ಹಗುರವಾಗಿ ಕಂಡಿದ್ದರೋ ಅದೇ ಭಾಷೆ. ಮುಂದೆ ಈ ಕನ್ನಡ ಗ್ರಂಥಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಹುಟ್ಟಿತೆಂಬುದು ಒಂದು ಸ್ವಾರಸ್ಯ. ಇನ್ನೊಂದು ಸ್ವಾರಸ್ಯವನ್ನೂ ಕೇಳಿರಿ. ಗ್ರಂಥದ ನಾಲ್ಕನೆಯ ಸಂಧಿಯ ಹೆಸರು ‘ಭೋಜನಸಂಧಿ’. ಉಣ್ಣುವ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ರೂಪವನ್ನು ನೆನೆದು, ಊಟವನ್ನೇ ಯಜ್ಞವಾಗಿ ಮಾಡುವ ಬಗೆ ಅಲ್ಲಿದೆ. ಅದನ್ನು ಬರೆಯುವಾಗ ದಾಸರಿಗೆ ಆ ಬಿಟ್ಟ ಎಲೆ ನೆನಪಾಗಿರಲಾರದೆ?

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಾಧ್ವರಲ್ಲಿ ತಾರತಮ್ಯ ಮುಖ್ಯವಾದ ತತ್ವ. ಜೀವರು ಸಮಾನರಲ್ಲ, ದೇವತೆಗಳಲ್ಲಿಯೂ ಮೇಲು ಕೆಳಗುಂಟು. ಹೀಗಿರುವಾಗ ಎಲ್ಲರನ್ನೂ ಸಮನಾಗಿ ಗೌರವಿಸುವುದೆಂತು? ದಾಸರ ಗ್ರಂಥದಲ್ಲಿ ತಾರತಮ್ಯವೂ ಇದೆ, ‘ವ್ಯಾಪ್ತಿಸಂಧಿ’ಯೂ ಇದೆ. ಭಗವಂತ ಸಕಲ ಚರಾಚರಗಳಲ್ಲಿ ಬಿಂಬನಾಗಿ ನೆಲೆಸಿದ್ದಾನೆಂಬ ನಂಬಿಕೆಯನ್ನು ಹಿಡಿದರೆ, ಎದುರಿಗಿರುವ ಮನುಷ್ಯನಿಗೆ ಮಾಡಿದ ನಮಸ್ಕಾರ ಅವನೊಳಗಿರುವವನಿಗೆ ಸಲ್ಲುತ್ತದೆ. ಇನ್ನು ಜೀವರ ಯೋಗ್ಯತೆಯ ಮೆಟ್ಟಿಲುಗಳೋ, ಅವನ್ನು ಎಣಿಸಬಲ್ಲವನು ಹರಿಯೊಬ್ಬನೆ. ಬೀದಿಯಲ್ಲಿ ಎದುರಾದವನು ಯಾವ ಮೆಟ್ಟಿಲಿನವನೆಂದು ನಮಗೇನು ಗೊತ್ತು? ತಾರತಮ್ಯವನ್ನು ಸರಿಯಾಗಿ ಅರಿತವನಿಗೆ ತಾನು ಎಷ್ಟು ಕೆಳಗಿದ್ದೇನೆಂಬುದೇ ಮೊದಲು ಕಾಣಬೇಕು. ನಮ್ಮಲ್ಲಿ ಬಹು ಮಂದಿಗೆ ಇತರರ ಮೆಟ್ಟಿಲು ಮಾತ್ರ ಕಾಣುವುದು ಸಿದ್ಧಾಂತದ ತಪ್ಪಲ್ಲ.

ಈ ಪರೀಕ್ಷೆ ದಾಸರಿಗಿಂತ ಬಹು ಹಿಂದೆ ಶ್ರೀರಂಗದಲ್ಲಿಯೂ ನಡೆದಿತ್ತು. ರಾಮಾನುಜಾಚಾರ್ಯರು ಕಾವೇರಿಗೆ ಹೋಗುವಾಗ ಬ್ರಾಹ್ಮಣ ಶಿಷ್ಯರ ಕೈಹಿಡಿದು ಹೋಗುತ್ತಿದ್ದರು. ಮಿಂದು ಮಡಿಯಾಗಿ ಮರಳುವಾಗ ಧನುರ್ದಾಸನ ಹೆಗಲ ಮೇಲೆ ಕೈಯಿಟ್ಟು ಬರುತ್ತಿದ್ದರು. ಧನುರ್ದಾಸ ಮಲ್ಲ, ತಮಿಳರು ಉರಂಗಾವಿಲ್ಲಿ ದಾಸರೆಂದು ಕರೆಯುವವನು, ಹುಟ್ಟಿನಿಂದ ಬ್ರಾಹ್ಮಣನಲ್ಲ. ಶಿಷ್ಯರಿಗೆ ಕಣ್ಣುರಿ. ಆಚಾರ್ಯರು ಬಾಯಿಂದ ಉತ್ತರಿಸಲಿಲ್ಲ. ಒಂದು ರಾತ್ರಿ ಶಿಷ್ಯರ ಒಣಹಾಕಿದ ಬಟ್ಟೆಗಳನ್ನು ಗುಟ್ಟಾಗಿ ಅದಲುಬದಲು ಮಾಡಿಸಿದರು. ಬೆಳಗಾಗುತ್ತಲೆ ವೇದಾಂತಿಗಳ ನಡುವೆ ಕೂಗಾಟ. ಮತ್ತೊಂದು ರಾತ್ರಿ ಅದೇ ಶಿಷ್ಯರನ್ನು ಧನುರ್ದಾಸನ ಮನೆಗೆ ಕಳುಹಿಸಿ, ನಿದ್ರಿಸುತ್ತಿರುವ ಅವನ ಹೆಂಡತಿಯ ಒಡವೆಗಳನ್ನು ಕಳಚಿ ತರಲು ಹೇಳಿದರು. ಆಕೆಗೆ ಎಚ್ಚರವಿತ್ತು. ಬಂದವರು ಭಾಗವತರು, ಏನು ಕಷ್ಟವೋ ಎಂದು ಸುಮ್ಮನಿದ್ದಳು. ಒಂದು ಮಗ್ಗುಲಿನ ಒಡವೆಗಳಾದ ಮೇಲೆ, ಇನ್ನೊಂದು ಮಗ್ಗುಲಿನವನ್ನೂ ತೆಗೆದುಕೊಳ್ಳಲೆಂದು ಮೆಲ್ಲನೆ ಹೊರಳಿದಳು. ಕಳ್ಳರು ಹೆದರಿ ಓಡಿದರು. ಗಂಡ ಬಂದು ಕೇಳಿ ಹೆಂಡತಿಯ ಮೇಲೆಯೇ ಬೇಸರಗೊಂಡನು. ‘ನಾನು ಕೊಡುತ್ತೇನೆ’ ಎಂಬ ಭಾವ ಬಂದುದರಿಂದಲ್ಲವೆ ಹೊರಳಿದೆ? ಸುಮ್ಮನೆ ಮಲಗಿದ್ದರೆ ಅವರೇ ತೆಗೆದುಕೊಂಡು ಹೋಗುತ್ತಿದ್ದರು, ಎಂಬುದು ಅವನ ಆಕ್ಷೇಪ. ಬಾಗಿಲಲ್ಲಿ ನಿಂತು ಇದನ್ನು ಕೇಳಿದ ಶಿಷ್ಯರಿಗೆ ತಮ್ಮ ಬಟ್ಟೆಯ ಜಗಳ ನೆನಪಾಯಿತಂತೆ.

ಆ ಮಟ್ಟದ ವಿನಯ ನನ್ನಂಥವರಿಗೆ ಎಟುಕುವುದಲ್ಲ. ಸಮಾಜಕ್ಕೂ ಎಟುಕಲಿಲ್ಲವೆಂದು ಒಪ್ಪಿಕೊಳ್ಳಬೇಕು. ರಾಮಾನುಜರು ತಿರುಕ್ಕುಲದವರೆಂದು ಮಾನ್ಯತೆ ಕೊಟ್ಟರೆಂದು ಹೇಳುವ ಜನರಿಗೆ ಮೇಲುಕೋಟೆಯ ದೇವಾಲಯದ ಬಾಗಿಲು ಬಹುಕಾಲ ವರ್ಷದ ಕೆಲವೇ ದಿನಗಳಲ್ಲಿ ತೆರೆಯುತ್ತಿತ್ತು. ಗೌರವಕ್ಕೂ ಪಂಚಾಂಗ ಕಟ್ಟಿದ ಹಾಗಾಯಿತು. ವ್ಯಾಸರಾಯರು ಕನಕದಾಸರನ್ನು ಬಳಿಗೆ ಕರೆದುಕೊಂಡಾಗ ಮುಖ ಸಿಂಡರಿಸಿದ ಶಿಷ್ಯರ ಕಥೆಯನ್ನು ನಾವು ಸಂತೋಷದಿಂದ ಕೇಳುತ್ತೇವೆ. ಕೇಳಿ ಎದ್ದ ಮೇಲೆ ಊಟಕ್ಕೆ ಬೇರೆ ಬೇರೆ ಪಂಕ್ತಿ ಹಾಕಿದ ಮನೆಗಳನ್ನು ನಾನೇ ಬಲ್ಲೆ.

ಇತರರ ಮನೆಯ ಮಾತೇಕೆ? ನನ್ನದನ್ನೇ ಹೇಳಿಬಿಡುತ್ತೇನೆ. ಕಾಲೇಜಿನ ರಜೆಗೆ ರಾಯಚೂರು ಸೀಮೆಯ ನಮ್ಮ ಊರಿಗೆ ಬಂದಿದ್ದೆ. ಸಂಜೆಯ ಹೊತ್ತು ನಮ್ಮ ಪಡಸಾಲೆಯಲ್ಲಿ ಹೆಂಗಸರು ಕೂಡಿ ಹರಿಕಥಾಮೃತಸಾರ ಹೇಳುವ ರೂಢಿ. ನಾಲ್ಕು ಮನೆಗಳಲ್ಲಿ ಅಡಿಗೆ ಮಾಡಿ ಹೊಟ್ಟೆಹೊರೆಯುತ್ತಿದ್ದ ಒಬ್ಬ ಅಜ್ಜಿಯೂ ಕಂಬದ ಮರೆಯಲ್ಲಿ ಕುಳಿತು ಗಟ್ಟಿಯಾಗಿ ಹೇಳುತ್ತಿದ್ದಳು. ಆಕೆಯ ಬಾಯಲ್ಲಿ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣ. ಸಂಸ್ಕೃತ ಕಲಿಯುತ್ತಿದ್ದ ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ತಡೆದು ತಿದ್ದಿದೆ, ಎರಡು ಸಲ ಹೇಳಿಸಿದೆ, ಒಬ್ಬಿಬ್ಬರು ನಕ್ಕರು. ಆಕೆಯೂ ನಕ್ಕಳು. ಮರುದಿನದಿಂದ ಆಕೆಯ ತುಟಿ ಮಾತ್ರ ಅಲುಗುತ್ತಿತ್ತು, ದನಿಯಿಲ್ಲ.

ಎಂಟು ದಿನ ನೋಡಿ ನಮ್ಮ ತಾಯಿ ಹೇಳಿದಳು: “ಆಕೀಗೆ ಓದಲಿಕ್ಕೆ ಬರೂದಿಲ್ಲೋ. ಮೂವತ್ತೆರಡೂ ಸಂಧಿ ಕೇಳಿ ಕೇಳಿ ಕಲ್ತಾಳ. ನಿನಗ ಎಷ್ಟು ಬರ್ತಾವ?”

ನನಗೆ ಪುಸ್ತಕ ಹಿಡಿದರೆ ಎಲ್ಲವೂ ಬರುತ್ತಿತ್ತು.

ಮರುದಿನ ಮಧ್ಯಾಹ್ನ ಆಕೆಯ ಕೋಣೆಗೆ ಹೋದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕ್ಷಮೆ ಕೇಳಲು ಒಂದು ಒಳ್ಳೆಯ ವಾಕ್ಯವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಆಕೆ ಇದ್ದ ಒಂದೇ ಮಣೆಯನ್ನು ಒರೆಸಿ ನನಗೆ ಹಾಕಿ, ತಾನು ನೆಲದ ಮೇಲೆ ಕುಳಿತಳು.

“ಛಲೋ ಆತು ಬಂದಿ ತಮ್ಮಾ. ನೀ ಹೇಳಿದ್ದು ಖರೇನ ಅದ. ಬರಕೊಳ್ಳಲಿಕ್ಕೆ ನನಗ ಬರೂದಿಲ್ಲ. ನಾಕು ಸಲ ಹೇಳು, ಹಿಡೀತೀನಿ.”

ನಾನು ಮಣೆಯಿಂದ ಇಳಿಯಹೋದೆ. “ಕಲಸವರು ಮ್ಯಾಲೇ ಕೂಡಬೇಕಪ್ಪಾ,” ಎಂದು ಬಿಡಲಿಲ್ಲ. ಜೋಡಿಸಿಕೊಂಡ ವಾಕ್ಯ ಗಂಟಲಲ್ಲಿಯೇ ಉಳಿಯಿತು. ಪುಸ್ತಕ ತಂದಿರಲಿಲ್ಲ, ಬಾಯಿಪಾಠವಾಗಿದ್ದ ಭೋಜನಸಂಧಿಯನ್ನು ಹೇಳತೊಡಗಿದೆ. ಆಕೆ ನನ್ನ ತುಟಿಯನ್ನೇ ನೋಡುತ್ತ ಒಂದೊಂದು ಅಕ್ಷರವನ್ನೂ ಹೇಳಿದಳು. ಮೂರನೆಯ ಸಲಕ್ಕೆ ಮಹಾಪ್ರಾಣ ಹಿಡಿಯಿತು, ಮಗುವಿನಂತೆ ಹಿಗ್ಗಿದಳು. ಹತ್ತಾರು ಪದ್ಯಗಳಾದ ಮೇಲೆ ನನಗೆ ಮುಂದಿನದು ಮರೆತುಹೋಯಿತು.

ಆಕೆ ಕೂಡಲೇ ಹೇಳಿಕೊಡಲಿಲ್ಲ. ಮೊರದ ಅಕ್ಕಿಯಲ್ಲಿ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಕಾದಳು. ಆಮೇಲೆ, ತನಗೇ ಸಂಶಯವೆಂಬಂತೆ, ಪದ್ಯದ ಮೊದಲ ಸಾಲನ್ನು ಮೆಲ್ಲಗೆ ಹೇಳಿ ಕೇಳಿದಳು:

“ಹಿಂಗೇನು ತಮ್ಮಾ?”